ಶಕ್ತಿಮಾನ್ ಲಾರಿಯ ಜರ್ಮನ್ ಪೂರ್ವಜರು

ಹಳೆಯ 7ನೇ ಹೆದ್ದಾರಿ ಜಬಲ್‌ಪುರ, ನಾಗಪುರ, ಹೈದರಾಬಾದ್ ದಾಟಿ ಬೆಂಗಳೂರಿಗೆ ಬರುತ್ತಿತ್ತು. ನಮ್ಮ ಸೇನೆ ದಶಕಗಳ ಕಾಲ ನೆಚ್ಚಿಕೊಂಡಿದ್ದ, ಮೂತಿ ಮುಂದೆ ಚಾಚಿದ ಶಕ್ತಿಮಾನ್ ಲಾರಿ ಹುಟ್ಟಿದ್ದು ಈ ದಾರಿಯ ಮೇಲಿನ ಜಬಲ್‌ಪುರದಲ್ಲಿ. ಕೃಷ್ಣ ಮೆನನ್ ರಕ್ಷಣಾ ಸಚಿವರಾಗಿದ್ದಾಗ, 1959ರಲ್ಲಿ, ಅಲ್ಲಿನ ಗನ್ ಕ್ಯಾರೇಜ್ ಕಾರ್ಖಾನೆಯಿಂದ ಮೊದಲ ಲಾರಿ ಹೊರಬಂತು. ವಿನ್ಯಾಸ ಜರ್ಮನಿಯ ಎಂ.ಎ.ಎನ್. ಕಂಪನಿಯದು.

ರುಡಾಲ್ಫ್ ಡೀಸೆಲ್ ತನ್ನ ಮೊದಲ ಎಂಜಿನ್ ಓಡಿಸಿದ್ದು ಈ ಕಂಪನಿಯ ಆಗ್ಸ್‌ಬರ್ಗ್ ಕಾರ್ಖಾನೆಯಲ್ಲೇ. 1924ರಲ್ಲಿ ಸಿಲಿಂಡರಿಗೆ ನೇರವಾಗಿ ಇಂಧನ ಚಿಮ್ಮಿಸುವ ಡೀಸೆಲ್ ಲಾರಿಯನ್ನು ಅದು ರಸ್ತೆಗಿಳಿಸಿತು.

1930ರ ದಶಕದಲ್ಲಿ ಜರ್ಮನ್ ಸೇನೆಗೆ ಬೇರೆಯೇ ತಲೆನೋವಿತ್ತು. ಹತ್ತಾರು ಬಗೆಯ ಲಾರಿಗಳು. ಒಂದರ ಬಿಡಿಭಾಗ ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ಎಲ್ಲ ಕಂಪನಿಗಳೂ ಒಂದೇ ನಕ್ಷೆಯ ಲಾರಿ ಮಾಡಲಿ ಎಂದು ಹುಟ್ಟಿದ್ದು 'ಐನ್‌ಹೈಟ್ಸ್‌ಡೀಸೆಲ್'. 1937ರಿಂದ 1940ರವರೆಗೆ ಎಂ.ಎ.ಎನ್., ಹೆನ್ಶೆಲ್, ಬ್ಯೂಸಿಂಗ್, ಮಾಗಿರುಸ್ ಮುಂತಾದವು ಇದನ್ನು ಕಟ್ಟಿದವು. 80 ಅಶ್ವಶಕ್ತಿಯ ಆರು ಸಿಲಿಂಡರ್ ಎಂಜಿನ್. ಆರು ಚಕ್ರಕ್ಕೂ ಎಂಜಿನ್ನಿನ ಬಲ, ಆರೂ ತಮ್ಮಷ್ಟಕ್ಕೆ ಮೇಲೆ ಕೆಳಗೆ ಆಡುವ ಏರ್ಪಾಡು. ಹಳ್ಳ ದಿಣ್ಣೆಗಳಲ್ಲಿ ಇದಕ್ಕೆ ಸಾಟಿ ಕಡಿಮೆ. ಆದರೆ ತಾನೇ ಸುಮಾರು ಐದು ಟನ್ ತೂಗುತ್ತಿದ್ದ ಈ ಲಾರಿ ಹೊರುತ್ತಿದ್ದುದು ಎರಡೂವರೆ ಟನ್ ಮಾತ್ರ! ಬೆಲೆಯೂ ಹೆಚ್ಚು, ಕಟ್ಟುವ ಕೆಲಸವೂ ಹೆಚ್ಚು. ಯುದ್ಧದಲ್ಲಿ ಹೆಚ್ಚಿನ ಹೊರೆ ಹೊತ್ತದ್ದು ಮೂರು ಟನ್ನಿನ ಸರಳವಾದ ಒಪೆಲ್ ಬ್ಲಿಟ್ಸ್.

ಶಕ್ತಿಮಾನ್‌ನಲ್ಲಿ ನನಗೆ ಮೆಚ್ಚುಗೆಯಾಗುವುದು ಇದೇ ಸರಳತೆ. ಆರರ ಬದಲು ನಾಲ್ಕು ಚಕ್ರದ ಜಾಗಕ್ಕೆ ಬಲ, ಇಡಿಯಾದ ಗಟ್ಟಿ ಅಚ್ಚು, ಅದರ ಮೇಲೆ ಕಮಾನು ಪಟ್ಟಿ. ಪಟ್ಟಿ ಮುರಿದರೆ ಬದಲಾಯಿಸಲು ದೊಡ್ಡ ಕಾರ್ಖಾನೆ ಬೇಕಿಲ್ಲ. ಜಾಣತನವನ್ನೆಲ್ಲ ಎಂಜಿನ್ನಿನೊಳಗೆ ಇಟ್ಟಿದ್ದರು.

ಡೀಸೆಲ್ ಎಂಜಿನ್ 'ಕಟಕಟ' ಎನ್ನುವುದೇಕೆ? ಕಾದ ಗಾಳಿಗೆ ಚಿಮ್ಮಿದ ಇಂಧನ ಆ ಕ್ಷಣಕ್ಕೇ ಹೊತ್ತಿಕೊಳ್ಳುವುದಿಲ್ಲ. ಅಷ್ಟರಲ್ಲಿ ಸೇರಿಕೊಂಡ ಹನಿಗಳೆಲ್ಲ ಒಮ್ಮೆಲೇ ಉರಿದು ಪಿಸ್ಟನ್ನಿಗೆ ಗುದ್ದುತ್ತವೆ. ಎಂ.ಎ.ಎನ್.ನ ಜೀಗ್‌ಫ್ರೀಡ್ ಮೊಯರರ್ ಪಿಸ್ಟನ್ನಿನ ತಲೆಯಲ್ಲಿ ಗೋಳಾಕಾರದ ಕುಳಿ ಮಾಡಿ, ಕಾದ ಹಂಚಿಗೆ ಎಣ್ಣೆ ಸವರಿದಂತೆ ಇಂಧನದ ಬಹುಪಾಲು ಅದರ ಗೋಡೆಗೆ ಹರಡುವಂತೆ ಮಾಡಿದರು. ಸುಳಿಯುವ ಗಾಳಿ ಆ ತೆಳುಪದರವನ್ನು ಸ್ವಲ್ಪಸ್ವಲ್ಪವೇ ಆವಿಯಾಗಿಸಿ ಉರಿಸುತ್ತದೆ. ಗುದ್ದು ಮೆತ್ತಗಾಗುತ್ತದೆ, ಸದ್ದು ತಗ್ಗುತ್ತದೆ. ಡೀಸೆಲ್ಲಿಗಿಂತ ಹಗುರವಾದ ಇಂಧನವನ್ನೂ ಇಂಥ ಎಂಜಿನ್ ಸಹಿಸಿಕೊಳ್ಳುತ್ತದೆ. ಇಂಧನ ಆಯ್ಕೆ ಮಾಡಿಕೊಳ್ಳುವ ಅನುಕೂಲವಿಲ್ಲದ ಸೇನೆಗೆ ಇದು ದೊಡ್ಡ ವರ.

ಮುಂದೆ ಜಬಲ್‌ಪುರದಲ್ಲೇ ಪ್ರತ್ಯೇಕ ವಾಹನ ಕಾರ್ಖಾನೆ ಬಂತು. 1996ರ ಹೊತ್ತಿಗೆ ಶಕ್ತಿಮಾನ್ ತಯಾರಿ ನಿಂತಿತು. ಅಶೋಕ್ ಲೇಲ್ಯಾಂಡಿನ ಸ್ಟಾಲಿಯನ್ ಆ ಜಾಗಕ್ಕೆ ಬಂತು. ಉಳಿದ ಲಾರಿಗಳೆಲ್ಲ ಗುಜರಿ ಸೇರುವ ಮೊದಲು ಕೆಲವನ್ನಾದರೂ ನಮ್ಮ ಎಂಜಿನಿಯರಿಂಗ್ ಕಾಲೇಜುಗಳು ತಂದಿಟ್ಟುಕೊಳ್ಳಬೇಕು, ಎಂಜಿನ್ ಬಿಚ್ಚಿ ವಿದ್ಯಾರ್ಥಿಗಳಿಗೆ ಆ ಪಿಸ್ಟನ್ ತೋರಿಸಬೇಕು.