ಬೈಕ್ ಕದ್ರೆ ಮಾತ್ರ ಅಲ್ಲ, ಕೇಳದೆ ‘ಒಂದು ರೌಂಡ್’ ಹೋದ್ರೂ ಕೇಸ್: ತಡೆಯೋಕೆ ಅಂಗಡಿ ಬೀದಿಯವರು ಏನ್ ಮಾಡ್ಬಹುದು?

ಸಂತೆಗೆ ಬಂದವರು ತರಕಾರಿ ತಗೊಂಡು ವಾಪಸ್ ಬರೋಷ್ಟರಲ್ಲಿ ಬೈಕ್ ಮಾಯ. ತಾಲೂಕು ಕೇಂದ್ರಗಳಲ್ಲಿ ಇದು ಹೊಸ ಸುದ್ದಿ ಏನಲ್ಲ. ಡೇರಿಗೆ ಹಾಲು ಹಾಕೋರಿಗೆ, ಗಾರೆ ಕೆಲಸಕ್ಕೆ ಹೋಗೋರಿಗೆ ಗಾಡಿ ಹೋದ್ರೆ ದುಡಿಮೆಯೂ ಹೋದಂತೆ. ಸಾಲದ ಕಂತು ಮಾತ್ರ ನಿಲ್ಲಲ್ಲ.

ಪ್ರತಿ ಬೀದಿಗೂ ಒಬ್ಬ ಪೊಲೀಸ್ ನಿಲ್ಲಿಸೋಕೆ ಆಗಲ್ಲ. ಆದ್ರೆ ಬೆಳಗ್ಗೆಯಿಂದ ರಾತ್ರಿವರೆಗೆ ಅಲ್ಲೇ ಕೂತಿರೋ ಅಂಗಡಿಯವರಿಗೆ ಯಾವ ಗಾಡಿ ಯಾರದ್ದು ಅಂತ ಗೊತ್ತಿರುತ್ತೆ. ಈ ತಿಳಿವಳಿಕೆ ಪೊಲೀಸರಿಗೆ ಬೇಗ ತಲುಪಬೇಕು, ಅಷ್ಟೇ.

ಕಾನೂನು ಏನು ಹೇಳುತ್ತೆ?

ಕಳ್ಳತನಕ್ಕೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 303ರಡಿ 3 ವರ್ಷದವರೆಗೆ ಜೈಲು. ಕದ್ದ ಮಾಲು ಅಂತ ಗೊತ್ತಿದ್ದೂ ತಗೊಂಡ್ರೆ ಸೆಕ್ಷನ್ 317ರಡಿ ಅಷ್ಟೇ ಶಿಕ್ಷೆ. ಗ್ಯಾರೇಜ್, ಗುಜರಿ ಅಂಗಡಿಯವರು ಇದನ್ನ ನೆನಪಿಡಬೇಕು.

‘ಕೀ ಅಲ್ಲೇ ಇತ್ತು, ಸುಮ್ನೆ ಓಡಿಸ್ದೆ’ ಅನ್ನೋದೂ ಅಪರಾಧವೇ. ಮಾಲೀಕರ ಒಪ್ಪಿಗೆ ಇಲ್ಲದೆ ಗಾಡಿ ಒಯ್ದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 197ರಡಿ 3 ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ.

ಇನ್ನು ಮನೆಯವರೇ 18 ತುಂಬದ ಮಗನ ಕೈಗೆ ಗಾಡಿ ಕೊಟ್ರೆ? ಸೆಕ್ಷನ್ 199ಎ ಪ್ರಕಾರ ಪೋಷಕರು ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬೋವರೆಗೆ ಲೈಸೆನ್ಸ್ ಸಿಗಲ್ಲ.

ಬೀಟ್ ಪೊಲೀಸ್ ಯಾರು?

ರಾಜ್ಯದಲ್ಲಿ 2017ರಲ್ಲಿ ಹೊಸ ಬೀಟ್ ವ್ಯವಸ್ಥೆ ಬಂತು. ಠಾಣೆಯ ವ್ಯಾಪ್ತಿಯನ್ನ ಬೀಟ್‌ಗಳಾಗಿ ಹಂಚಿ, ಒಂದೊಂದಕ್ಕೆ ಒಬ್ಬ ಸಿಬ್ಬಂದಿ ಹೊಣೆ. ಊರಿನ ನಾಗರಿಕರೂ ಬೀಟ್ ಸದಸ್ಯರಾಗಬಹುದು. ನಿಮ್ಮ ಬೀಟ್‌ನವರು ಯಾರು ಅಂತ ಠಾಣೆಯಲ್ಲೇ ಕೇಳಿ.

ಬೀದಿಯಲ್ಲಿ ಮಾಡಬಹುದಾದ್ದು

* ಅಕ್ಕಪಕ್ಕದ ಹತ್ತು ಅಂಗಡಿಯವರು ಸೇರಿ ಒಂದು ವಾಟ್ಸಾಪ್ ಗ್ರೂಪ್ ಮಾಡಿ, ಬೀಟ್ ಪೊಲೀಸರನ್ನೂ ಸೇರಿಸಿ.
* ಒಂದು ಸಿಸಿಟಿವಿಯಾದರೂ ರಸ್ತೆ ಕಡೆ ಮುಖ ಮಾಡಿರಲಿ. ಹಳೇ ದೃಶ್ಯದ ಮೇಲೆ ಹೊಸದು ರೆಕಾರ್ಡ್ ಆಗುತ್ತೆ, ಹಾಗಾಗಿ ಕಳವು ಗೊತ್ತಾದ ದಿನವೇ ದೃಶ್ಯ ತೆಗೆದಿಡಿ.
* ಗಿರಾಕಿ ಕೀ ಬಿಟ್ಟು ಒಳಗೆ ಬಂದ್ರೆ ‘ಅಣ್ಣಾ, ಕೀ’ ಅನ್ನಿ. ಹ್ಯಾಂಡಲ್ ಲಾಕ್ ಹಾಕಿಸಿ.
* ನಂಬರ್ ಪ್ಲೇಟ್ ಇಲ್ಲದ ಗಾಡಿ ಎರಡು ಮೂರು ದಿನ ಒಂದೇ ಕಡೆ ನಿಂತಿದ್ರೆ ಪೊಲೀಸರಿಗೆ ತಿಳಿಸಿ.
* ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಆರ್‌ಸಿಯಲ್ಲಿರೋ ಇಂಜಿನ್, ಚಾಸಿ ನಂಬರ್ ಗಾಡಿಯಲ್ಲಿರೋದಕ್ಕೆ ಹೊಂದುತ್ತಾ ನೋಡಿ.

ಕೈ ಮಾತ್ರ ಮಾಡಬೇಡಿ

ಅನುಮಾನ ಬಂದ್ರೆ 112ಕ್ಕೆ ಕರೆ ಮಾಡಿ. ಹಿಡಿದು ಕಂಬಕ್ಕೆ ಕಟ್ಟಿ ಹೊಡೆದ್ರೆ ಕೇಸ್ ನಿಮ್ಮ ಮೇಲೇ ಬೀಳುತ್ತೆ. ಪರ ಊರಿನವರು ಅನ್ನೋ ಒಂದೇ ಕಾರಣಕ್ಕೆ ಯಾರ ಫೋಟೋವನ್ನೂ ‘ಕಳ್ಳ’ ಅಂತ ಗ್ರೂಪಿಗೆ ಹಾಕಬೇಡಿ. ಓಡಿಸೋ ಚಪಲಕ್ಕೆ ಗಾಡಿ ಎತ್ತಿದವನು ನಿಮ್ಮ ಬೀದಿಯ ಹುಡುಗನೇ ಇರಬಹುದು. ಮೊದಲ ಸಲವೇ ಮನೆಯವರನ್ನ, ಬೀಟ್ ಪೊಲೀಸರನ್ನ ಕೂರಿಸಿ ಬುದ್ಧಿ ಹೇಳಿದ್ರೆ ಅವನು ಕಳ್ಳರ ಗುಂಪಿಗೆ ಸೇರೋದು ತಪ್ಪೀತು.

ಕಳುವಾದ್ರೆ?

ತಡ ಮಾಡದೆ ದೂರು ಕೊಡಿ. ಬೇರೆ ಊರಲ್ಲಿ ಕಳುವಾಗಿದ್ರೂ ಹತ್ತಿರದ ಠಾಣೆಯಲ್ಲಿ ಕೊಡಬಹುದು. ಆನ್‌ಲೈನ್‌ನಲ್ಲಿ ಕೊಟ್ರೆ 3 ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೀರಿ. ವಿಮಾ ಕಂಪನಿಗೂ ಬೇಗ ತಿಳಿಸಿ. ಅವರು ಎರಡೂ ಕೀ ಕೇಳ್ತಾರೆ, ಜೋಪಾನವಾಗಿಡಿ. ಥರ್ಡ್ ಪಾರ್ಟಿ ವಿಮೆ ಮಾತ್ರ ಇದ್ರೆ ಕಳವಿಗೆ ಪರಿಹಾರ ಸಿಗಲ್ಲ.