ಘೋಷಣೆಯಲ್ಲಿ ಪಾಲು

ಪಾಪದ ಲೆಕ್ಕವನ್ನು ಜೈನಾಚಾರ್ಯರು ಮೂರು ಬಗೆಯಲ್ಲಿ ಹೇಳಿದ್ದಾರೆ: ಕೃತ, ಕಾರಿತ, ಅನುಮೋದಿತ. ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದವರನ್ನು ಮೆಚ್ಚಿದ್ದು. ಗುಂಪಿನಲ್ಲಿ ನಿಂತವನಿಗೆ ಮೂರನೆಯದೇ ಹೆಚ್ಚು ಅಪಾಯಕಾರಿ. ಕಟುಮಾತನಾಡಿದವನು ತಾನಲ್ಲ ಎಂಬ ಸಮಾಧಾನ ಅಲ್ಲಿ ಸುಲಭವಾಗಿ ದೊರೆಯುತ್ತದೆ. ಚಪ್ಪಾಳೆ ತಟ್ಟಿದ ಕೈಯನ್ನು ಕರ್ಮಸಿದ್ಧಾಂತ ಬಿಟ್ಟುಬಿಡುವುದಿಲ್ಲ.

ಜಾರ್ಖಂಡಿನ ಪಾರಸನಾಥ ಬೆಟ್ಟ, ಅಂದರೆ ಸಮ್ಮೇದ ಶಿಖರ್ಜಿ, 20 ತೀರ್ಥಂಕರರು ನಿರ್ವಾಣ ಹೊಂದಿದ ಸಿದ್ಧಕ್ಷೇತ್ರ. 2019ರಲ್ಲಿ ಅಲ್ಲಿನ ವನ್ಯಧಾಮದ ಸುತ್ತ ಪರಿಸರ ಸೂಕ್ಷ್ಮ ವಲಯ ಘೋಷಣೆಯಾಯಿತು. ಪರಿಸರ ಪ್ರವಾಸೋದ್ಯಮಕ್ಕೂ ಅದರಲ್ಲಿ ಅವಕಾಶವಿತ್ತು. ತೀರ್ಥವು ವಿಹಾರತಾಣವಾದೀತೆಂಬ ಆತಂಕದಿಂದ 2022ರ ಡಿಸೆಂಬರಿನಲ್ಲಿ ದೇಶದ ಅನೇಕ ನಗರಗಳಲ್ಲಿ ಜೈನರು ಬೀದಿಗಿಳಿದರು. ಜೈಪುರದಲ್ಲಿ ಉಪವಾಸ ಕೈಗೊಂಡಿದ್ದ ಮುನಿಯೊಬ್ಬರು ದೇಹ ಬಿಟ್ಟರು. 2023ರ ಜನವರಿ 5ರಂದು ಕೇಂದ್ರ ಸರ್ಕಾರ ಪ್ರವಾಸೋದ್ಯಮ ಚಟುವಟಿಕೆಗಳನ್ನು ತಡೆಹಿಡಿಯಿತು. ಬೆಟ್ಟದ ಮೇಲೆ ಮದ್ಯ, ಮಾಂಸಗಳ ನಿಷೇಧವನ್ನು ಕಟ್ಟುನಿಟ್ಟಾಗಿ ಪಾಲಿಸುವಂತೆಯೂ ರಾಜ್ಯಕ್ಕೆ ಸೂಚಿಸಿತು.

ಕೆಲವೇ ದಿನಗಳಲ್ಲಿ ಇನ್ನೊಂದು ಜನಸಮೂಹ ಅದೇ ಬೆಟ್ಟದ ತಪ್ಪಲಲ್ಲಿ ನೆರೆಯಿತು. ಸಂತಾಲರಿಗೆ ಅದು ಮರಾಂಗ್ ಬುರು, ಅವರ ಪರಮದೈವ. ತಮ್ಮ ಬಲಿಪೂಜೆಗೆ, ಹಿರಿಯರಿಂದ ಬಂದ ಆಚಾರಕ್ಕೆ ಈ ಆದೇಶ ಅಡ್ಡಿಯಾಗುವುದೆಂಬ ಭಯ ಅವರದು. ಶಿಖರ್ಜಿಗೆ ಹೋದವರಿಗೆ ಇವರು ಅಪರಿಚಿತರೇನಲ್ಲ. ನಡೆಯಲಾರದ ಯಾತ್ರಿಕರನ್ನು ಡೋಲಿಯಲ್ಲಿ ಹೊತ್ತು ಶಿಖರ ಮುಟ್ಟಿಸುವವರಲ್ಲಿ ಸ್ಥಳೀಯ ಆದಿವಾಸಿಗಳೂ ಇದ್ದಾರೆ.

ಜೈನರ ಬೇಡಿಕೆ ತಪ್ಪೆನ್ನುವಂತಿಲ್ಲ. ಪ್ರಾಣಿವಧೆಯನ್ನು ಜೈನಧರ್ಮ ಒಪ್ಪಲಾರದು, ಅದನ್ನು ಮರೆಮಾಚಬೇಕಾಗಿಯೂ ಇಲ್ಲ. ಆದರೆ ಹಿಂಸೆಯ ಮೂಲ ಪ್ರಮಾದ ಎಂದು ಉಮಾಸ್ವಾತಿಗಳು ತಿಳಿಸಿದ್ದಾರೆ. ಈರ್ಯಾಸಮಿತಿಯಿಂದ ನಡೆಯುವ ಮುನಿಯ ಕಾಲಡಿ ಕೀಟವೊಂದು ಸತ್ತರೂ ಬಂಧವಿಲ್ಲ. ಎಚ್ಚರಗೇಡಿಗೆ ಒಂದೂ ಸಾಯದಿದ್ದರೂ ಬಂಧ ತಪ್ಪದು. ನೆಲದ ಮೇಲಿನ ಇರುವೆಗೆ ಸಲ್ಲುವ ಈ ಎಚ್ಚರ ಮೆರವಣಿಗೆಗೂ ಸಲ್ಲಬೇಕಲ್ಲವೇ? ಮನವಿಪತ್ರ ಬರೆಯುವ ಮೊದಲು ಆ ಬೆಟ್ಟದಲ್ಲಿ ಬೇರೆ ಯಾರ ದೇವರಿದ್ದಾನೆಂದು ವಿಚಾರಿಸುವುದು ಭಾಷಾಸಮಿತಿಯೇ ಆಗುತ್ತದೆ. ‘ನಮ್ಮದು’ ಎಂಬ ಮಾತು ಅಪರಿಗ್ರಹವ್ರತಿಯ ಬಾಯಲ್ಲಿ ಎಷ್ಟು ಹಗುರವಾಗಿ ಬರಬಹುದು ಎಂಬುದೂ ಯೋಚಿಸಬೇಕಾದ ವಿಷಯವೇ.

ಶ್ರೀಮದ್ ರಾಜಚಂದ್ರರ ಪ್ರಭಾವಕ್ಕೆ ಒಳಗಾಗಿದ್ದ ಗಾಂಧೀಜಿ 1922ರ ಫೆಬ್ರುವರಿಯಲ್ಲಿ ಇಂಥದೇ ಲೆಕ್ಕಕ್ಕೆ ತಲೆಬಾಗಿದರು. ಚೌರಿಚೌರಾದಲ್ಲಿ ಉದ್ರಿಕ್ತ ಜನ ಪೊಲೀಸ್ ಠಾಣೆಗೆ ಬೆಂಕಿಯಿಟ್ಟು ಪೊಲೀಸರನ್ನು ಕೊಂದಾಗ ಅವರು ಅಲ್ಲಿರಲಿಲ್ಲ. ಅವರ ಅಪ್ಪಣೆಯೂ ಇರಲಿಲ್ಲ. ಆದರೂ ಚಳವಳಿ ನಿಲ್ಲಿಸಿ ಐದು ದಿನ ಉಪವಾಸವಿದ್ದರು. ಅನುಯಾಯಿಗಳು ಸಿಟ್ಟಾದರು.

ಭಾದ್ರಪದದಲ್ಲಿ ಪರ್ಯುಷಣ ಮುಗಿದ ಮೇಲೆ ಶ್ರಾವಕರು ಮನೆಮನೆಗೆ ಹೋಗಿ ಕ್ಷಮೆ ಬೇಡುತ್ತಾರೆ. ಬಂಧುಗಳಲ್ಲಿ, ನೆರೆಯವರಲ್ಲಿ, ಜಗಳವಾಡಿದವರಲ್ಲಿ. ಡೋಲಿ ಹೊತ್ತವನ ಮನೆ ಮಾತ್ರ ಬೆಟ್ಟದ ತಪ್ಪಲಲ್ಲಿದೆ.