ಗ್ರಂಥಾಲಯದ ಕಂಪ್ಯೂಟರ್: ನಿಯಮಗಳು ಯಾಕೆ ಬೇಕು?

 

ದೇಶ ಸುತ್ತಬೇಕು, ಕೋಶ ಓದಬೇಕು ಅಂತ ಹಿರಿಯರು ಹೇಳ್ತಾರೆ. ಈಗ ನಮ್ಮ ಪಂಚಾಯಿತಿ ಗ್ರಂಥಾಲಯದಲ್ಲಿ ಕುಳಿತರೆ ಎರಡೂ ಒಂದೇ ಕಡೆ ಆಗುತ್ತವೆ. ಕಪಾಟಿನಲ್ಲಿ ಪುಸ್ತಕಗಳಿವೆ. ಮೂಲೆಯ ಮೇಜಿನ ಮೇಲೆ ಇಂಟರ್‌ನೆಟ್ ಇರುವ ಎರಡು ಕಂಪ್ಯೂಟರ್‌ಗಳಿವೆ. ಆದರೆ ಕಂಪ್ಯೂಟರ್ ಎರಡು, ಕಾಯುವವರು ಇಪ್ಪತ್ತು ಜನ! ಅದಕ್ಕೇ ಗೋಡೆ ಮೇಲೆ ನಿಯಮಗಳ ಹಾಳೆ ಅಂಟಿಸಿದ್ದಾರೆ. ಕೆಲವರು ಅದನ್ನು ನೋಡಿ "ಇದೆಲ್ಲ ಸುಮ್ನೆ" ಅಂತಾರೆ. ಸುಮ್ಮನೆ ಅಲ್ಲ. ಒಂದೊಂದು ನಿಯಮಕ್ಕೂ ಒಂದೊಂದು ಕಾರಣ ಇದೆ. ಅದನ್ನು ತಿಳಿಸಲು ಈ ಲೇಖನ.

ಮೊದಲು ಸ್ವಲ್ಪ ಹಿನ್ನೆಲೆ. ನಮ್ಮ ದೇಶದಲ್ಲಿ ಜನಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಆಗ ಅದು ದೊಡ್ಡ ಊರುಗಳಲ್ಲಿ ಮಾತ್ರ ಇತ್ತು. ಕರ್ನಾಟಕದಲ್ಲಿ 5,000ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. ಇವು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. 2020ರ ನವೆಂಬರಿನಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾಗಿ, 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತವಾಯಿತು. ಆಮೇಲೆ ಅನೇಕ ಕಡೆ ಕಂಪ್ಯೂಟರ್ ಬಂತು. ಈಗ ಇವನ್ನು 'ಅರಿವು ಕೇಂದ್ರ' ಅಂತ ಕರೆಯುತ್ತಾರೆ. ಅಂದರೆ ಈ ಕಂಪ್ಯೂಟರ್ ಯಾರಪ್ಪನ ಆಸ್ತಿಯೂ ಅಲ್ಲ, ಊರಿನ ಎಲ್ಲರ ಆಸ್ತಿ. ಊರ ಬಾವಿ ಇದ್ದ ಹಾಗೆ. ಬಾವಿಗೂ ಒಂದು ಕಟ್ಟೆ, ಒಂದು ಸರದಿ ಇರುತ್ತೆ ಅಲ್ವಾ?

ಈಗ ನಿಯಮಗಳು.

1. ಪುಸ್ತಕದಲ್ಲಿ ಹೆಸರು, ಸಮಯ ಬರೆಯಬೇಕು. ಒಬ್ಬರಿಗೆ ಅರ್ಧ ಗಂಟೆ. ಯಾರು ಮೊದಲು ಬಂದರು ಅಂತ ಜಗಳ ಆಗಬಾರದು ಅನ್ನುವುದಕ್ಕೆ ಇದು. ಏನು ಹುಡುಕಬೇಕು ಅಂತ ಮನೆಯಲ್ಲೇ ಚೀಟಿಯಲ್ಲಿ ಬರೆದುಕೊಂಡು ಹೋದರೆ ಅರ್ಧ ಗಂಟೆ ಸಾಕಾಗುತ್ತೆ. ಗ್ರಂಥಾಲಯ ಶಾಸ್ತ್ರದ ಪಿತಾಮಹ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ಕೊಟ್ಟರು. ಓದಲು ಬಂದವರ ಸಮಯ ಹಾಳಾಗಬಾರದು ಅನ್ನುವುದೂ ಆ ಐದರಲ್ಲಿ ಒಂದು. ಅವರು ಕೊನೆಯ ದಿನಗಳನ್ನು ನಮ್ಮ ಬೆಂಗಳೂರಿನಲ್ಲೇ ಕಳೆದು, 1972ರಲ್ಲಿ ಅಲ್ಲೇ ತೀರಿಕೊಂಡರು.

2. ಸಿನಿಮಾ, ದೊಡ್ಡ ಆಟ ಡೌನ್‌ಲೋಡ್ ಮಾಡಬಾರದು. ಎರಡು ಕಂಪ್ಯೂಟರ್‌ಗೂ ಬರುವುದು ಒಂದೇ ಇಂಟರ್‌ನೆಟ್. ಒಂದೇ ಪೈಪಿನಿಂದ ಎರಡು ನಲ್ಲಿ ಬಿಟ್ಟ ಹಾಗೆ. ಒಬ್ಬರು ನಲ್ಲಿ ಪೂರ್ತಿ ತಿರುಗಿಸಿದರೆ ಇನ್ನೊಬ್ಬರಿಗೆ ಹನಿ ಹನಿ ಬರುತ್ತೆ. ಪಕ್ಕದ ಅಕ್ಕ ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಿದ್ದರೆ ಅದು ಅರ್ಧದಲ್ಲೇ ನಿಂತು ಹೋಗಬಹುದು.

3. ಕೇಳದೆ ಪೆನ್‌ಡ್ರೈವ್ ಹಾಕಬಾರದು. ಅದರಲ್ಲಿ ವೈರಸ್ ಇರಬಹುದು. ವೈರಸ್ ಅಂದರೆ ಕೆಮ್ಮು ನೆಗಡಿಯದ್ದಲ್ಲ. ಕೆಟ್ಟ ಉದ್ದೇಶಕ್ಕೆ ಬರೆದ ಒಂದು ಪ್ರೋಗ್ರಾಂ. ಆದರೆ ನೆಗಡಿ ಹಾಗೇ ಒಂದರಿಂದ ಒಂದಕ್ಕೆ ಹರಡುತ್ತೆ.

4. ಕೆಲಸ ಮುಗಿದ ಮೇಲೆ ಲಾಗ್‌ಔಟ್ ಮಾಡಲೇಬೇಕು. ಇದು ಬಹಳ ಮುಖ್ಯ. ನಾವು ಇಮೇಲ್ ತೆರೆದಾಗ ಆ ಜಾಲತಾಣವು ನಮ್ಮ ಕಂಪ್ಯೂಟರಿನಲ್ಲಿ ಒಂದು ಚಿಕ್ಕ ಗುರುತಿನ ಚೀಟಿ ಇಡುತ್ತೆ. ಅದಕ್ಕೆ 'ಕುಕಿ' ಅಂತ ಹೆಸರು. ತಿನ್ನುವ ಬಿಸ್ಕತ್ತು ಅಲ್ಲ! ಆ ಚೀಟಿ ಇರುವ ತನಕ ಮುಂದೆ ಯಾರು ಕುಳಿತರೂ ಅವರೇ ನಾವು ಅಂತ ಜಾಲತಾಣ ತಿಳಿಯಬಹುದು. ಪರದೆಯ ಮೇಲಿನ ಗುಣಾಕಾರದ ಗುರುತು ಒತ್ತಿ ಮುಚ್ಚಿದರೆ ಸಾಲದು. ಒಮ್ಮೆ ಊರಿನ ಒಬ್ಬ ಅಣ್ಣ ಕೆಲಸಕ್ಕೆ ಅರ್ಜಿ ಹಾಕಿ ಹಾಗೇ ಎದ್ದು ಹೋಗಿದ್ದರು. ನಾವು ಕುಳಿತಾಗ ಅವರ ಇಮೇಲ್ ತೆರೆದೇ ಇತ್ತು. ಗ್ರಂಥಾಲಯದ ಅಕ್ಕ ಬಂದು ಲಾಗ್‌ಔಟ್ ಮಾಡಿದರು. "ಬೇರೆಯವರ ಕಾಗದ ಸಿಕ್ಕಿದ್ರೂ ಓದಬಾರದು" ಅಂದರು. ಅದೂ ಒಂದು ನಿಯಮವೇ.

5. "ಪಾಸ್‌ವರ್ಡ್ ನೆನಪಿಡಲೇ?" ಅಂತ ಕಂಪ್ಯೂಟರ್ ಕೇಳಿದರೆ "ಬೇಡ" ಅನ್ನಬೇಕು. ಮನೆ ಬೀಗದ ಕೈಯನ್ನು ಬಸ್ ನಿಲ್ದಾಣದಲ್ಲಿ ಮೊಳೆಗೆ ನೇತು ಹಾಕುತ್ತೇವಾ? ಇಳಿಸಿಕೊಂಡ ಅಂಕಪಟ್ಟಿ, ಆಧಾರ್ ಪ್ರತಿಗಳನ್ನೂ ಅಳಿಸಬೇಕು. ಅಳಿಸಿದ್ದು ಮೊದಲು ಕಸದ ಬುಟ್ಟಿಗೆ ಹೋಗಿ ಕೂರುತ್ತೆ. ಆ ಬುಟ್ಟಿಯನ್ನೂ ಖಾಲಿ ಮಾಡಬೇಕು.

6. ಒಟಿಪಿ, ಬ್ಯಾಂಕ್ ಖಾತೆ, ಅಪ್ಪ ಅಮ್ಮನ ಫೋನ್ ನಂಬರ್ ಯಾರಿಗೂ ಕೊಡಬಾರದು. "ನಿಮಗೆ ಬಹುಮಾನ ಬಂದಿದೆ" ಅಂತ ಬಂದರೆ ನಂಬಬೇಡಿ. ಲಾಟರಿ ಟಿಕೆಟ್ಟೇ ಕೊಳ್ಳದವರಿಗೆ ಬಹುಮಾನ ಎಲ್ಲಿಂದ ಬರುತ್ತೆ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷ ತುಂಬದವರನ್ನು ಮಕ್ಕಳು ಎಂದು ಹೇಳಿದೆ. ನಮ್ಮ ವಿವರ ಬಳಸಲು ತಂದೆ ತಾಯಿ ಅಥವಾ ಪೋಷಕರ ಒಪ್ಪಿಗೆ ಬೇಕು ಎಂದೂ ಇದೆ. ಇಂಟರ್‌ನೆಟ್ಟಿನಲ್ಲಿ ಮೋಸದಿಂದ ಹಣ ಹೋದರೆ ದೊಡ್ಡವರು ಕೂಡಲೇ 1930ಕ್ಕೆ ಫೋನ್ ಮಾಡಬೇಕು. ಮಕ್ಕಳಿಗೆ ತೊಂದರೆ ಆದರೆ 1098 ಇದೆ.

7. ಕೆಟ್ಟ ಚಿತ್ರ, ಹೆದರಿಸುವ ಮಾತು ಬಂದರೆ ಬಚ್ಚಿಡದೆ ಅಕ್ಕನಿಗೆ ಹೇಳಬೇಕು. ಬೈತಾರೆ ಅಂತ ಹೆದರಬಾರದು. ತಾನಾಗಿ ಬಂದದ್ದಕ್ಕೆ ನಮ್ಮ ತಪ್ಪು ಏನೂ ಇಲ್ಲ.

8. ಓದಿದ್ದನ್ನೆಲ್ಲ ನಿಜ ಅಂತ ಬರೆದುಕೊಳ್ಳಬಾರದು. ಕನ್ನಡ ವಿಕಿಪೀಡಿಯ 2003ರಿಂದ ಇದೆ. ಬಹಳ ಉಪಯೋಗದ್ದು. ಆದರೆ ಅದರಲ್ಲಿ ಯಾರು ಬೇಕಾದರೂ ತಿದ್ದಬಹುದು. ಆದ್ದರಿಂದ ಇಸವಿ, ಹೆಸರುಗಳನ್ನು ಪಕ್ಕದ ಕಪಾಟಿನ ಪುಸ್ತಕದಲ್ಲಿ ಇನ್ನೊಮ್ಮೆ ನೋಡಿ. ಪುಸ್ತಕವೂ ಕಂಪ್ಯೂಟರೂ ಒಂದೇ ಕೋಣೆಯಲ್ಲಿ ಇರುವುದರ ಲಾಭ ಇದೇ.

ಇಷ್ಟೂ ನಿಯಮಗಳನ್ನು ನೋಡಿದರೆ ಎರಡೇ ಮಾತು ತಿಳಿಯುತ್ತೆ. ಒಂದು, ಬೇರೆಯವರ ಸರದಿ ಕಸಿಯಬೇಡ. ಎರಡು, ನಿನ್ನ ಗುಟ್ಟು ಬಿಟ್ಟು ಬರಬೇಡ.

ಆದರೆ ಸರದಿ ವಿಷಯದಲ್ಲಿ ಒಂದು ನಿಯಮ ಆ ಹಾಳೆಯಲ್ಲಿ ಇಲ್ಲ. ಅದನ್ನು ಹೇಳದೆ ಲೇಖನ ಮುಗಿಸಲಾರೆ. ಶಾಲೆ ಬಿಟ್ಟ ಕೂಡಲೇ ಹುಡುಗರು ಓಡಿ ಹೋಗಿ ಹೆಸರು ಬರೆಸುತ್ತಾರೆ. ನಾವು ಹುಡುಗಿಯರು ಮನೆಗೆ ಹೋಗಿ, ನೀರು ತುಂಬಿಸಿ, ಕಸ ಗುಡಿಸಿ, ತಮ್ಮ ತಂಗಿಯರನ್ನು ನೋಡಿಕೊಂಡು ಬರುವಷ್ಟರಲ್ಲಿ ಪುಸ್ತಕದ ಹಾಳೆ ತುಂಬಿರುತ್ತೆ. ಕಾಯೋಣ ಅಂದರೆ ಕತ್ತಲಾಗುತ್ತೆ, ಮನೆಯಲ್ಲಿ ಬಿಡುವುದಿಲ್ಲ. ಇದರಲ್ಲಿ ಯಾರೂ ನಿಯಮ ಮುರಿದಿಲ್ಲ. ಮೊದಲು ಬಂದವರಿಗೆ ಮೊದಲು ಅನ್ನುವುದು ನ್ಯಾಯವಾಗಿಯೇ ಕಾಣುತ್ತೆ. ಆದರೆ ಓಡಲು ಬಿಡುವು ಇರುವವರಿಗೆ ಮಾತ್ರ ಅದು ನ್ಯಾಯ. ನಮ್ಮ ತರಗತಿಯಲ್ಲಿ ಮನೆಯಲ್ಲಿ ದೊಡ್ಡ ಫೋನ್ ಇಲ್ಲದವರೂ ಇದ್ದಾರೆ. ಅವರಿಗೆ ಈ ಅರ್ಧ ಗಂಟೆ ಬಿಟ್ಟರೆ ಬೇರೆ ಇಂಟರ್‌ನೆಟ್ಟೇ ಇಲ್ಲ.

ಆದ್ದರಿಂದ ನನ್ನ ಸಲಹೆ ಹೀಗಿದೆ. ದಿನಕ್ಕೆ ಎರಡು ಸರದಿಯನ್ನು ಸಂಜೆ ಐದೂವರೆ ತನಕ ಖಾಲಿ ಇಡಬೇಕು. ತಡವಾಗಿ ಬರುವ ಹುಡುಗಿಯರಿಗೂ ಮನೆಯಲ್ಲಿ ಫೋನ್ ಇಲ್ಲದವರಿಗೂ ಅದು ಮೀಸಲು. ಅವರು ಯಾರೂ ಬಾರದಿದ್ದರೆ ಬೇರೆಯವರು ಕೂರಬಹುದು. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ, ಪುಸ್ತಕದಲ್ಲಿ ಎರಡು ಗೆರೆ ಎಳೆದರೆ ಸಾಕು. ಈ ವರ್ಷದ ಮಕ್ಕಳ ಗ್ರಾಮಸಭೆಯಲ್ಲಿ ಇದನ್ನು ಕೇಳಬೇಕು ಅಂತ ಇದ್ದೇನೆ. ಗುರುಗಳು ದಯವಿಟ್ಟು ನಮ್ಮ ಜೊತೆ ನಿಲ್ಲಬೇಕು. ಗೆಳೆಯರೇ, ನೀವೂ ಕೈ ಎತ್ತಬೇಕು. ನಿಮ್ಮ ಅಕ್ಕ ತಂಗಿಯರೂ ಅದೇ ಸಾಲಿನಲ್ಲಿ ಇದ್ದಾರೆ ಅನ್ನುವುದನ್ನು ಮರೆಯಬೇಡಿ.

ಒಪ್ಪುವವರು ಈ ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ ಹೆಸರು ಬರೆಯಿರಿ. ಒಪ್ಪದವರು ಕಾರಣ ಬರೆಯಿರಿ.

ಇಂತಿ ನಿಮ್ಮ ಸಹಪಾಠಿ,
7ನೇ ತರಗತಿಯ ವಿದ್ಯಾರ್ಥಿನಿ